ಬೊಮ್ಮಕ್ಕನ ಹತ್ತು ಬೆರಳು

ರಾಂಪುರದಲ್ಲಿ ಬಣ್ಣದ ಅಂಗಡಿ ಯಾರದು ಎಂದು ಕೇಳಿದರೆ ಗಾದ್ರಪ್ಪನದು ಎನ್ನುತ್ತಾರೆ. ಬಣ್ಣ ಕಲಸುವವರು ಯಾರು ಎಂದು ಕೇಳಿದರೆ ಅವನ ಹೆಂಡತಿ ಬೊಮ್ಮಕ್ಕ ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಈ ಎರಡು ಉತ್ತರಗಳು ತಂಟೆ ತಕರಾರಿಲ್ಲದೆ ಒಂದೇ ಸೂರಿನಡಿ ಬಾಳಿಕೊಂಡು ಬಂದಿದ್ದವು. ಬಳ್ಳಾರಿ ರಸ್ತೆಗೆ ಮುಖ ಮಾಡಿದ ಕಟ್ಟೆಯ ಮೇಲೆ ಗಾದ್ರಪ್ಪ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆ ಚಹಾ ತರಿಸಿ, ಬರೀ ಮಾತಿನಲ್ಲೇ ಅರ್ಧ ಮನೆಗೆ ಬಣ್ಣ ಬಳಿದುಬಿಡುತ್ತಿದ್ದ. ಪೂರ್ತಿ ಮನೆಗೆ ಬೇಕಾದ ನಿಜವಾದ ಬಣ್ಣ ಹಿಂದಿನ ಕೋಣೆಯಲ್ಲಿ ತಯಾರಾಗುತ್ತಿತ್ತು.

ಕಂಪನಿಯವರು ಕೊಟ್ಟ ಮೆಷಿನ್ ಒಂದಿತ್ತು, ಇಲ್ಲವೆಂದಲ್ಲ. ನಂಬರ್ ಒತ್ತಿದರೆ ಬಣ್ಣ ಬೀಳುತ್ತಿತ್ತು. ಆದರೆ ನಮ್ಮ ಕಡೆಯ ಜನ ನಂಬರ್ ಹಿಡಿದುಕೊಂಡು ಬರುವುದಿಲ್ಲ. ಮನೆಯ ಗೋಡೆಯಿಂದ ಒಂದು ಚಕ್ಕೆ ಎಬ್ಬಿ, ಹಳೇ ಪೇಪರಿನಲ್ಲಿ ಸುತ್ತಿಕೊಂಡು ಬಂದು, ಇದೇ ಬಣ್ಣ ಬೇಕು ಎನ್ನುತ್ತಾರೆ. ಆ ಚಕ್ಕೆ ನಾಲ್ಕು ವರ್ಷದ ಬಿಸಿಲು ಕುಡಿದಿರುತ್ತದೆ, ಒಲೆಯ ಹೊಗೆ ತಿಂದಿರುತ್ತದೆ. ಅದಕ್ಕೆ ಹೊಂದುವ ಬಣ್ಣ ಯಾವ ಮೆಷಿನ್ನಿನಲ್ಲೂ ಇಲ್ಲ. ಬೊಮ್ಮಕ್ಕ ಹನಿ ಹನಿಯಾಗಿ ಬಣ್ಣದ ಸತ್ವ ಬಿಟ್ಟು, ಕಲಸಿ, ಹೆಬ್ಬೆರಳಿಗೆ ತೆಗೆದುಕೊಂಡು ತೋರುಬೆರಳಿನಿಂದ ತೀಡಿ, ಚಕ್ಕೆಯ ಅಂಚಿಗೆ ಸವರಿ ಬಿಸಿಲಿಗೆ ಹಿಡಿಯುತ್ತಿದ್ದಳು. ಹಸೀ ಬಣ್ಣ ಸುಳ್ಳು ಹೇಳುತ್ತದೆ, ಒಣಗಿದ ಮೇಲೆ ನಿಜ ಹೇಳುತ್ತದೆ ಎಂಬುದು ಅವಳ ಮಾತು. ಹೊಂದದಿದ್ದರೆ ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಬೆರಳು ಒರೆಸಿಕೊಂಡು ಮತ್ತೆ ಮೊದಲಿಂದ. ದಿನಕ್ಕೆ ನಲವತ್ತು ಸಲ, ಐವತ್ತು ಸಲ.

ಜಟಿಂಗ ರಾಮೇಶ್ವರದ ಬೆಟ್ಟದ ಕೆಳಗಿನ ಹಳ್ಳಿಯವಳು ಅವಳು. ಹತ್ತನೇ ಕ್ಲಾಸು ಮುಗಿಸಿ, ಕೂಲಿಗೆ ಶೇಂಗಾ ಕಿತ್ತು, ಹುಣಸೆಹಣ್ಣು ಬಿಡಿಸಿ, ಇಪ್ಪತ್ತಕ್ಕೆ ಮದುವೆಯಾಗಿ ಬಂದವಳು. ಅಂಗಡಿ ಹಾಕುವಾಗ ಹೆಂಗಸರ ಹೆಸರಿನಲ್ಲಿದ್ದರೆ ಸರ್ಕಾರದ ಅನುಕೂಲ ಜಾಸ್ತಿ ಎಂದು ಯಾರೋ ಹೇಳಿದ್ದರಿಂದ ಲೈಸೆನ್ಸು ಅವಳ ಹೆಸರಿನಲ್ಲಿ ಆಯಿತು. ಗಾದ್ರಪ್ಪ ಕಾಗದ ಮುಂದಿಟ್ಟಾಗಲೆಲ್ಲ ಅವಳು ಸಹಿ ಹಾಕುತ್ತಿದ್ದಳು. ಓದುವ ಅಭ್ಯಾಸ ಇರಲಿಲ್ಲ, ಓದುವ ಪುರುಸೊತ್ತೂ ಇರಲಿಲ್ಲ.

ಸಂಕ್ರಾಂತಿ ಕಳೆದು ವಾರಕ್ಕೆ ಕಂಪನಿಯ ಸೇಲ್ಸ್ ಆಫೀಸರ್ ರವಿಕಿರಣ್ ಸ್ವೀಟ್ ಬಾಕ್ಸ್ ಹಿಡಿದು ಬಂದ. ವರ್ಷದ ಟಾರ್ಗೆಟ್ ಮುಟ್ಟಿದ ಅಂಗಡಿಗಳಲ್ಲಿ ಇದೂ ಒಂದು. ಮೇ ತಿಂಗಳಲ್ಲಿ ಪ್ಯಾರಿಸ್ ಪ್ರವಾಸ; ನಾಲ್ಕು ರಾತ್ರಿ, ಐದು ಹಗಲು, ಇಬ್ಬರಿಗೆ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರು ಮತ್ತು ಜೊತೆಗೆ ಒಬ್ಬರು.

ಈ ವ್ಯಾಪಾರದಲ್ಲಿ ಒಂದು ಪದ್ಧತಿಯಿದೆ. ಕಂಪನಿಯವರು ಗಂಡ ಹೆಂಡತಿ ಹೋಗಿ ಬರಲಿ ಎಂದು ಎರಡು ಟಿಕೆಟ್ ಕೊಡುತ್ತಾರೆ. ಅಂಗಡಿಯವರು ಗೆಳೆಯನನ್ನು ಕರೆದುಕೊಂಡು ಹೋಗುತ್ತಾರೆ. ಹೆಂಡತಿಗೆ ಚಾಕ್ಲೇಟು ಮತ್ತು ಫೋಟೋ ಬರುತ್ತವೆ. ಮೊಳಕಾಲ್ಮೂರಿನಲ್ಲಿ ಸಿಮೆಂಟ್ ಅಂಗಡಿ ಇಟ್ಟಿರುವ ಮಹಾಂತೇಶ ಹೋದ ವರ್ಷ ಹೀಗೇ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದಿದ್ದ, ಗಾದ್ರಪ್ಪನನ್ನು ಕರೆದಿರಲಿಲ್ಲ. ಆದರೂ ಅವನಿಲ್ಲದೆ ಗಾದ್ರಪ್ಪನಿಗೆ ಊಟ ಸೇರದು. ಟಾರ್ಗೆಟ್ ಮುಟ್ಟುವ ಮೊದಲೇ ಇವನು ಅವನಿಗೆ ಮಾತು ಕೊಟ್ಟಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಇಬ್ಬರೂ ಒಂದೇ ಬಣ್ಣದ ಜರ್ಕಿನ್ ಕೂಡ ಕೊಂಡುಕೊಂಡಿದ್ದರು.

ಬೊಮ್ಮಕ್ಕನಿಗೆ ಇದು ಗೊತ್ತಿರಲಿಲ್ಲ, ಗಂಡನ ಜೊತೆ ಹೋಗುವವಳು ತಾನೇ ಎಂದುಕೊಂಡಿದ್ದಳು. ಚಳ್ಳಕೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮಗಳು ದಿವ್ಯಾ ಅವಳ ಫೋನಿಗೆ ಒಂದು ವಿಡಿಯೋ ಕಳಿಸಿದಳು. ಪ್ಯಾರಿಸಿನ ದೊಡ್ಡ ಕಬ್ಬಿಣದ ಗೋಪುರಕ್ಕೆ ಬಣ್ಣ ಬಳಿಯುತ್ತಿರುವ ವಿಡಿಯೋ. ಹಗ್ಗ ಕಟ್ಟಿಕೊಂಡ ಜನ ಆಕಾಶದಲ್ಲಿ ಜೋತುಬಿದ್ದು, ಕೈಯಲ್ಲಿ ಬ್ರಷ್ ಹಿಡಿದು, ಒಂದೊಂದೇ ಪಟ್ಟಿಗೆ ಬಳಿಯುತ್ತಿದ್ದರು. ಅಷ್ಟೆತ್ತರದ ಗೋಪುರ ಕೆಳಗಿಂದ ಮೇಲಿನವರೆಗೆ ಒಂದೇ ಬಣ್ಣವಾಗಿ ಕಾಣಲಿ ಎಂದು ಕೆಳಗೆ ಗಾಢ, ನಡುವೆ ಒಂದಿಷ್ಟು ತಿಳಿ, ತುದಿಗೆ ಇನ್ನೂ ತಿಳಿ, ಹೀಗೆ ಮೂರು ಛಾಯೆ ಕಲಸುತ್ತಿದ್ದರಂತೆ. ಬೊಮ್ಮಕ್ಕ ಅದನ್ನು ಏಳು ಸಲ ನೋಡಿದಳು. ಒಂದೇ ಬಣ್ಣ ಕಾಣಿಸಬೇಕಾದರೆ ಮೂರು ಬಣ್ಣ ಬೇಕು ಎಂಬುದನ್ನು ಅವಳು ರಾಂಪುರದ ಹಿಂದಿನ ಕೋಣೆಯಲ್ಲಿ ತಾನಾಗಿಯೇ ಕಂಡುಕೊಂಡಿದ್ದಳು. ಅದನ್ನು ಬಲ್ಲವರು ಲೋಕದಲ್ಲಿ ಇನ್ನೂ ಇದ್ದಾರೆ ಎಂದು ತಿಳಿದು ಅವಳಿಗೆ ಕಣ್ಣು ತುಂಬಿ ಬಂತು. ಮದುವೆಯಾದಾಗಿನಿಂದ ಅವಳು ಇದು ಬೇಕು ಅಂತ ಏನನ್ನೂ ಕೇಳಿದವಳಲ್ಲ. ಇದು ಬೇಕು ಎನ್ನಿಸಿತು.

ಹಳೆಯ ಬಣ್ಣದ ಕಾರ್ಡೊಂದರ ಹಿಂದುಗಡೆ ಪ್ರವಾಸದ ಲೆಕ್ಕಾಚಾರ ಶುರುವಾಯಿತು. ಮೊದಲ ದಿನ ಕಂಪನಿಯ ಮೀಟಿಂಗು. ಎರಡನೆಯ ದಿನ ನದಿಯಲ್ಲಿ ದೋಣಿ. ಮೂರನೆಯ ದಿನ ಅವರವರ ಇಷ್ಟಕ್ಕೆ ಬಿಟ್ಟದ್ದು. ಬೆಳಿಗ್ಗೆ ಗೋಪುರಕ್ಕೆ ಹೋಗುವುದು, ಲಿಫ್ಟ್ ಬೇಡ, ಮೆಟ್ಟಿಲು ಹತ್ತಿ ಮೊದಲ ಅಂತಸ್ತಿಗೆ ಹೋಗಿ ಕಬ್ಬಿಣವನ್ನು ಅಂಗೈಯಿಂದ ಮುಟ್ಟಿ ನೋಡುವುದು. ಮಧ್ಯಾಹ್ನ ಊರಿನ ಬೂದು ಬಣ್ಣದ ಸೂರುಗಳನ್ನು ನೋಡುವುದು. ಊರಿಗೆ ಊರೇ ಒಂದೇ ಬಣ್ಣಕ್ಕೆ ಒಪ್ಪಿಕೊಂಡದ್ದು ಹೇಗೆ ಎಂದು ಅವಳಿಗೆ ಸೋಜಿಗ. ಇಲ್ಲಿ ಅಣ್ಣತಮ್ಮಂದಿರು ಒಂದೇ ಗೋಡೆಯ ಎರಡು ಮಗ್ಗುಲಿಗೆ ಗಿಳಿಹಸಿರು, ಕಿತ್ತಳೆ ಬಳಿಸಿಕೊಂಡು ವರ್ಷಗಟ್ಟಲೆ ಮಾತು ಬಿಟ್ಟಿರುತ್ತಾರೆ.

ಪಾಸ್‌ಪೋರ್ಟಿಗೆಂದು ಗಂಡ ಹೆಂಡತಿ ಬಳ್ಳಾರಿಗೆ ಹೋದರು; ಬೇಡ ಎನ್ನಲು ಗಾದ್ರಪ್ಪನಿಗೆ ಇನ್ನೂ ನೆಪ ಸಿಕ್ಕಿರಲಿಲ್ಲ. ಗಾದ್ರಪ್ಪನ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಬೊಮ್ಮಕ್ಕನ ಬೆರಳು ಗಾಜಿನ ಮೇಲಿಟ್ಟರೆ ಪರದೆಯ ಮೇಲೆ ಬೆಳ್ಳಗಿನ ಮಚ್ಚೆಗಳು ಬಂದವು, ಗೆರೆ ಒಂದೂ ಬರಲಿಲ್ಲ. ರೇಷನ್ ಅಂಗಡಿಯಲ್ಲೂ ಅವಳ ಹೆಬ್ಬೆರಳು ಮೂಡದೆ ಅತ್ತೆ ಚಿಕ್ಕಕ್ಕನನ್ನೇ ಕಳಿಸುವುದು ಅವರ ಮನೆಯ ರೂಢಿಯಾಗಿತ್ತು, ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಪಾಸ್‌ಪೋರ್ಟ್ ಕಚೇರಿಯ ಹೆಣ್ಣುಮಗಳು ಏನು ಕೆಲಸ ಮಾಡುತ್ತೀರಿ ಎಂದು ವಿಚಾರಿಸಿ, ಆರು ಸಲ ಒತ್ತಿಸಿ, ಹೇಗೋ ದಾಟಿಸಿದಳು. ವೀಸಾಕ್ಕೆ ಹತ್ತು ಬೆರಳೂ ನೆಟ್ಟಗೆ ಬರಬೇಕಾಗುತ್ತದೆ, ಅಲ್ಲಿ ಬಿಗಿ ಜಾಸ್ತಿ ಎಂದಳು. ಥಿನ್ನರ್ ಮುಟ್ಟುವುದನ್ನು ಮೂರು ವಾರ ಬಿಟ್ಟು, ಎಣ್ಣೆ ಹಚ್ಚುತ್ತಿದ್ದರೆ ಗೆರೆ ತಿರುಗಿ ಬರಬಹುದು ಎಂದೂ ಹೇಳಿದಳು.

ಗಾದ್ರಪ್ಪನಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗುವಂತಿರಲಿಲ್ಲ. ಪಾಸ್‌ಪೋರ್ಟುಗಳು ಮನೆಗೆ ಬಂದ ವಾರವೇ, ಬಿಲ್ಲುಗಳ ಕಂತೆಯ ನಡುವೆ ಒಂದು ಟೈಪು ಮಾಡಿದ ಕಾಗದ ಸೇರಿಸಿ ಸಹಿಗೆ ಇಟ್ಟ. ಬೊಮ್ಮಕ್ಕ ಪೆನ್ನು ಹಿಡಿದವಳು ನಿಂತಳು. ಬಿಲ್ಲಿನಲ್ಲಿ ಪ್ಯಾರಿಸ್ ಎಂಬ ಮಾತು ಇರುವುದಿಲ್ಲವಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಳು. ಆರೋಗ್ಯದ ಕಾರಣ ತಾನು ಬರಲಾಗುತ್ತಿಲ್ಲ, ತನ್ನ ಬದಲು ಮಹಾಂತೇಶ ಎಂಬುವವರನ್ನು ಕಳಿಸಲು ತನ್ನ ಪೂರ್ಣ ಒಪ್ಪಿಗೆ ಇದೆ ಎಂದು ಅವಳೇ ಬರೆದುಕೊಟ್ಟಂತೆ ಇತ್ತು.

ಅವಳು ಪೆನ್ನು ಕೆಳಗಿಟ್ಟಳು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಇಂಥ ಎಷ್ಟು ಕಾಗದಕ್ಕೆ ಸಹಿ ಹಾಕಿದ್ದೇನೋ ಎಂದು. ಗಾದ್ರಪ್ಪ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. ಬೆಂಗಳೂರಿನಲ್ಲಿ ಹತ್ತು ಜನರ ಮುಂದೆ ಬೆರಳು ಮೂಡದೆ ವಾಪಸು ಕಳಿಸಿದರೆ ಮರ್ಯಾದೆ ಯಾರದು ಹೋಗುತ್ತದೆ? ನಮ್ಮದು ಕೋಳಿ ಮುಟ್ಟದ ಕುಲ, ಅಲ್ಲಿ ಸೊಪ್ಪಿನ ಸಾರಿಗೂ ಕೋಳಿಯ ನೀರು ಹಾಕುತ್ತಾರಂತೆ, ನೀನು ಏನು ತಿಂದು ಬದುಕುತ್ತೀಯಾ? ಮಹಾಂತೇಶನಾದರೆ ಒಂದು ಸಲ ಹೋಗಿ ಬಂದವನು, ಅವನ ಬೆರಳು ಆಗಲೇ ಅವರ ಕಂಪ್ಯೂಟರಿನಲ್ಲಿದೆ, ಕಾಗದ ಕೊಟ್ಟರೆ ಸಾಕು.

"ನಿಮಗೂ ಕೋಳಿ ನೀರೇ ಅಲ್ಲೇನ್ರಿ ಅಲ್ಲಿ?" ಎಂದಳು ಬೊಮ್ಮಕ್ಕ.

ಗಾದ್ರಪ್ಪ ಪೆನ್ನನ್ನು ಮತ್ತೆ ಅವಳ ಕಡೆಗೆ ಸರಿಸಿದ.

"ವೀಸಾಕ್ಕೆ ಇನ್ನೂ ಮೂರು ವಾರ ಐತೆ. ಇವತ್ತಿಂದ ನಾನು ಬಣ್ಣ ಮುಟ್ಟಲ್ಲ. ಬೆರಳು ಮೂಡಿದ್ರೆ ನಾನು ಬರ್ತೀನಿ. ಮೂಡದಿದ್ರೆ ಅಲ್ಲೇ ಬಾಗಿಲಲ್ಲೇ ನಿಂತು ಸಹಿ ಹಾಕಿ ಕೊಡ್ತೀನಿ."

"ಯುಗಾದಿ ಮುಂದೆ ಇಟ್ಕಂಡು ಬಣ್ಣ ಮುಟ್ಟಲ್ಲ ಅಂದ್ರೆ ಕಲಸೋರು ಯಾರು?"

"ನೀವು."

ಗಾದ್ರಪ್ಪ ನಕ್ಕುಬಿಟ್ಟ. ಕಲಸುವುದು ಏನು ಮಹಾ ಬ್ರಹ್ಮವಿದ್ಯೆಯೇ ಎಂದು ಶರ್ಟಿನ ತೋಳು ಮಡಚಿದ. ಸಹಿಯಿಲ್ಲದ ಕಾಗದವನ್ನು ಮಾತ್ರ ಜೋಪಾನವಾಗಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ.

ಯುಗಾದಿಗೆ ಮುಂಚಿನ ಮೂರು ವಾರ ಎಂದರೆ ಬಣ್ಣದ ಅಂಗಡಿಗೆ ಉಸಿರಾಡಲು ಬಿಡುವಿಲ್ಲ. ರಾಂಪುರದ ಸುತ್ತ ಹಳ್ಳಿಗಳಿಂದ ಚಕ್ಕೆ ಸುತ್ತಿದ ಪೇಪರುಗಳು ಬರತೊಡಗಿದವು. ಬೊಮ್ಮಕ್ಕ ಮುಂದಿನ ಕುರ್ಚಿಗೆ ಬಂದಳು, ಗಾದ್ರಪ್ಪ ಹಿಂದಿನ ಕೋಣೆಗೆ ಹೋದ. ಮನೆಯಲ್ಲೂ ಅವಳು ಪಾತ್ರೆ ಸೋಪು ಮುಟ್ಟಲಿಲ್ಲ, ಹುಣಸೆಹಣ್ಣು ಕಿವುಚಲಿಲ್ಲ, ಮೆಣಸಿನಕಾಯಿ ಮುರಿಯಲಿಲ್ಲ. ಈ ವಯಸ್ಸಿನಲ್ಲಿ ಸೊಸೆಗೆ ಬೆರಳಿನ ಬಾಣಂತನ ಮಾಡಬೇಕಾಯಿತು ಎಂದು ಗೊಣಗುತ್ತಲೇ ಚಿಕ್ಕಕ್ಕ ಪಾತ್ರೆ ತಿಕ್ಕಿದಳು. ರಾತ್ರಿ ಮಲಗುವ ಮೊದಲು ಚಳ್ಳಕೆರೆಯ ಗಾಣದ ಕಡಲೆ ಎಣ್ಣೆಯನ್ನು ತಾನೇ ಬೆಚ್ಚಗೆ ಮಾಡಿ ತಂದಿಡುತ್ತಿದ್ದಳು.

ಮೊದಲ ವಾರ ಏನೂ ಆಗಲಿಲ್ಲ. ಬೊಮ್ಮಕ್ಕ ದಿನಾ ಬೆಳಿಗ್ಗೆ ಬಾಗಿಲಿಗೆ ಹೋಗಿ ಬೆರಳ ತುದಿಗಳನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದಳು. ಗಾಜಿನ ಗೋಲಿಯಷ್ಟು ನುಣುಪು. ಎಂಟನೆಯ ದಿನ ಎಡಗೈ ಕಿರುಬೆರಳಿನಲ್ಲಿ ಕೂದಲೆಳೆಯಂಥ ಎರಡು ಗೆರೆ ಕಂಡವು. ಅದು ಗೆರೆಯೋ, ಹಳೆಯ ಗಾಯವೋ ಎಂದು ದಿನವಿಡೀ ಅನುಮಾನಪಟ್ಟಳು. ಹನ್ನೊಂದನೆಯ ದಿನಕ್ಕೆ ಉಂಗುರದ ಬೆರಳಲ್ಲೂ ಬಂದವು. ಹೆಬ್ಬೆರಳುಗಳು ಮಾತ್ರ ಬೋಳಾಗಿಯೇ ಇದ್ದವು. ಹತ್ತರಲ್ಲಿ ಎಂಟು ಬಂದರೆ ಬಿಡುತ್ತಾರೋ ಇಲ್ಲವೋ ಎಂದು ರವಿಕಿರಣನಿಗೆ ಫೋನ್ ಮಾಡಿದರೆ, ಅವನು ಮೇಡಂ, ಹತ್ತೂ ಬರಲಿ ಅಂತ ದೇವರನ್ನು ಕೇಳಿಕೊಳ್ಳಿ ಎಂದುಬಿಟ್ಟ.

ಹಿಂದಿನ ಕೋಣೆಯಲ್ಲಿ ಗಾದ್ರಪ್ಪನ ಪಾಡು ನಾಯಿಪಾಡಾಗಿತ್ತು. ಕೆನೆಬಣ್ಣ ಕಲಸಲು ಹೋದರೆ ಅರಿಸಿನವಾಗುತ್ತಿತ್ತು, ಅರಿಸಿನವನ್ನು ತಗ್ಗಿಸಲು ಹೋದರೆ ಸಗಣಿಯಾಗುತ್ತಿತ್ತು. ಆದರೂ ಸೋಲು ಒಪ್ಪುವ ಜಾಯಮಾನ ಅವನದಲ್ಲ. ಬೊಮ್ಮಕ್ಕ ಬಾಗಿಲಲ್ಲಿ ನಿಂತು ಕೆಂಪು ಎರಡು ಹನಿ, ಕಪ್ಪು ಅರ್ಧ ಹನಿ ಎಂದು ಹೇಳುತ್ತಿದ್ದಳು. ಅವನು ಹೆಬ್ಬೆರಳಿಗೆ ತೆಗೆದುಕೊಂಡು ಅವಳ ಕಣ್ಣ ಮುಂದೆ ಹಿಡಿಯುತ್ತಿದ್ದ. ಅವಳು ಅಲ್ಲ ಎಂದರೆ ಥಿನ್ನರ್ ಬಟ್ಟೆಯಲ್ಲಿ ಒರೆಸಿಕೊಂಡು ಮತ್ತೆ. ಅವಳಿಗೆ ಹತ್ತು ಸಲದಲ್ಲಿ ಆಗುವ ಕೆಲಸ ಅವನಿಗೆ ಮೂವತ್ತು ಸಲಕ್ಕೂ ಆಗುತ್ತಿರಲಿಲ್ಲ. ಕೈಗವಸು ಹಾಕಿಕೊಳ್ಳಿ ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಇದೇನು ಆಪರೇಷನ್ನಾ ಎಂದು ಅವನು ಗೇಲಿ ಮಾಡಿದ್ದ.

ಹದಿನಾಲ್ಕನೆಯ ದಿನ ಊಟಕ್ಕೆ ಕೂತಾಗ ಬೊಮ್ಮಕ್ಕ ನೋಡಿದಳು. ಮುದ್ದೆ ಮುರಿಯುವಾಗ ಅವನು ಬೆರಳ ತುದಿ ಬಿಟ್ಟು ಗೆಣ್ಣಿನಿಂದ ಮುರಿಯುತ್ತಿದ್ದ. ಹೆಬ್ಬೆರಳ ತುದಿ ಬೆಳ್ಳಗೆ ಬಿರಿದಿತ್ತು, ತೋರುಬೆರಳಿನ ಸಿಪ್ಪೆ ಏಳುತ್ತಿತ್ತು. ಅವನೂ ವೀಸಾಕ್ಕೆ ಬೆರಳು ಒತ್ತಬೇಕಾದವನೇ ಎಂಬುದು ಆ ಗಳಿಗೆಯವರೆಗೆ ಅವಳ ತಲೆಗೆ ಹೋಗಿರಲಿಲ್ಲ. ಅವನ ತಲೆಗೆ ಇನ್ನೂ ಹೋಗಿರಲಿಲ್ಲ.

ಹೇಳಬೇಕು ಎಂದು ಬಾಯಿ ತೆರೆದಳು. ಹೇಳಿದರೆ ಅವನು ಕೆಲಸ ಬಿಟ್ಟು ಮುಂದಿನ ಕುರ್ಚಿಗೆ ಬರುತ್ತಾನೆ. ಆಮೇಲೆ ಬಂದವರಿಗೆ ಬಣ್ಣ ಕಲಸುವವರು ಯಾರು? ಅವಳೇ. ಬೋಳು ಹೆಬ್ಬೆರಳು ಬೋಳಾಗಿಯೇ ಉಳಿಯುತ್ತದೆ, ಡ್ರಾಯರಿನ ಕಾಗದ ಹೊರಗೆ ಬರುತ್ತದೆ. ಸಾರು ಬೇಕೇನ್ರಿ ಎಂದು ಕೇಳಿ ಸೌಟು ಹಿಡಿದಳು. ಅವತ್ತು ರಾತ್ರಿ ಎಣ್ಣೆಯ ಬಟ್ಟಲನ್ನು ಅವನ ಕಡೆಗೂ ಸರಿಸಿದಳು. ಹೆಂಗಸರ ಕೆಲಸ ನನಗೆ ಬೇಡ ಎಂದು ಅವನು ಮಗ್ಗುಲಾದ. ಅವಳಿಗೆ ಸಮಾಧಾನವಾಯಿತು, ಸಮಾಧಾನವಾಯಿತಲ್ಲ ಎಂದು ತನ್ನ ಮೇಲೆ ತನಗೇ ಬೇಸರವೂ ಆಯಿತು.

ಬೆಂಗಳೂರಿಗೆ ಹೋಗಲು ಇನ್ನು ನಾಲ್ಕು ದಿನ ಇರುವಾಗ ಮೊಳಕಾಲ್ಮೂರಿನಿಂದ ದೊಡ್ಡಪಾಲಯ್ಯ ಬಂದರು. ಗಾದ್ರಪ್ಪನಿಗೆ ದೊಡ್ಡಪ್ಪನ ವರಸೆ, ಆ ಕಡೆಯ ಕುಲಸ್ಥರಲ್ಲಿ ಅವರ ಮಾತಿಗೆ ಎದುರಿಲ್ಲ. ಆಟೋದಿಂದ ನಾಲ್ಕು ಡಬ್ಬಿ ಇಳಿಸಿ ಕಟ್ಟೆಯ ಮೇಲೆ ಸಾಲಾಗಿಟ್ಟರು. ಹೋದ ವಾರ ಗಾದ್ರಪ್ಪ ಕಲಸಿಕೊಟ್ಟ ಬಣ್ಣ. ಪಡಸಾಲೆಯ ಒಂದು ಗೋಡೆ ಒಂದು ಥರ, ಇನ್ನೊಂದು ಗೋಡೆ ಇನ್ನೊಂದು ಥರ ಆಗಿತ್ತು. ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಭಾನುವಾರ ಬರುತ್ತಾರೆ. ಇವತ್ತು ಸಂಜೆಯೊಳಗೆ ಬಣ್ಣ ಸಿಗದಿದ್ದರೆ ಬಳಿಯುವವರು ಬೇರೆ ಕೆಲಸಕ್ಕೆ ಹೋಗುತ್ತಾರೆ.

"ಏಮ್ಮಾ ಬೊಮ್ಮಕ್ಕ, ಇದು ನಿನ್ನ ಕೈ ಬಣ್ಣ ಅಲ್ಲ," ಎಂದರು ದೊಡ್ಡಪಾಲಯ್ಯ. "ನಾನು ಇಲ್ಲೇ ಕುಂತಿರ್ತೀನಿ. ನೀನು ಕಲಸಿಕೊಡು."

ಅಂಗಡಿಯ ಮುಂದಿದ್ದ ನಾಲ್ಕಾರು ಜನ ಬೊಮ್ಮಕ್ಕನ ಮುಖ ನೋಡಿದರು. ಗಾದ್ರಪ್ಪನೂ ನೋಡಿದ. ಹಿರಿಯರು ಬಾಯಿಬಿಟ್ಟು ಕೇಳಿದ್ದಾರೆ, ನಾಲ್ಕು ಡಬ್ಬಿಯಲ್ಲಿ ನಿನ್ನ ಬೆರಳು ಕರಗಿ ಹೋಗುವುದಿಲ್ಲ ಎಂದು ಹಲ್ಲು ಕಚ್ಚಿ ಮೆಲ್ಲಗೆ ಹೇಳಿದ. ಕೈಗವಸಿನ ಡಬ್ಬ ಅಲ್ಲೇ ಕಪಾಟಿನಲ್ಲಿತ್ತು. ಆದರೆ ಗವಸು ತೊಟ್ಟ ಬೆರಳಿಗೆ ಬಣ್ಣದ ಹದ ತಿಳಿಯುವುದಿಲ್ಲ, ಹೊಂದಿಸಿದಂತೆ ಕಂಡದ್ದು ಗೋಡೆಯ ಮೇಲೆ ಮತ್ತೆ ಬೇರೆಯಾಗುತ್ತದೆ. ಒಲ್ಲೆ ಎಂದರೆ ದೊಡ್ಡಪಾಲಯ್ಯನವರ ಮನೆಯ ಬಾಗಿಲು ಈ ಮನೆಗೆ ಮುಚ್ಚುತ್ತದೆ. ಹೂಂ ಎಂದರೆ ಹದಿನೇಳು ದಿನದ ಚರ್ಮ ಒಂದು ಸಂಜೆಗೆ ಹೋಗುತ್ತದೆ.

ಕೊನೆಗೆ ಅವಳು ಎದ್ದು ಹಿಂದಿನ ಕೋಣೆಗೆ ನಡೆದಳು. ಎಲ್ಲರೂ ಸದ್ಯ ಎಂದುಕೊಂಡರು. ಅವಳು ಗೋಡೆಯ ಚಕ್ಕೆಯನ್ನು ಕಿಟಕಿಯ ಬೆಳಕಿಗೆ ಇಟ್ಟು, ಗಂಡನ ಕಡೆ ತಿರುಗಿದಳು.

"ಕೈ ಕೊಡ್ರಿ," ಎಂದಳು.

ಅವನ ಬಲಗೈಯ ಮಣಿಕಟ್ಟು ಹಿಡಿದು, ಅವನ ಹೆಬ್ಬೆರಳನ್ನು ಬಣ್ಣದಲ್ಲಿ ಅದ್ದಿದಳು. ಅವನ ತೋರುಬೆರಳನ್ನು ಅದರ ಮೇಲೆ ಒತ್ತಿ ತೀಡಿಸಿದಳು. ಎಷ್ಟು ಜಿಗುಟು, ಎಷ್ಟು ತೆಳು ಎಂದು ಕೇಳಿ ಕೇಳಿ ಅವನ ಬಾಯಲ್ಲಿ ಹೇಳಿಸಿದಳು. ಕಣ್ಣು ಅವಳದು, ಬೆರಳು ಅವನದು. ಒರೆಸಿ, ಅದ್ದಿ, ತೀಡಿ, ಬಿಸಿಲಿಗೆ ಹಿಡಿದು, ಅಲ್ಲ ಎಂದು ಮತ್ತೆ ಒರೆಸಿ, ಹೊತ್ತು ಇಳಿಯುವವರೆಗೆ ನಡೆಯಿತು. ಥಿನ್ನರ್ ಬಟ್ಟೆ ಬಿರಿದ ಚರ್ಮಕ್ಕೆ ತಗುಲಿದಾಗಲೆಲ್ಲ ಅವನು ಹಲ್ಲಿನ ನಡುವೆ ಗಾಳಿ ಎಳೆದುಕೊಳ್ಳುತ್ತಿದ್ದ. ಹೊರಗೆ ದೊಡ್ಡಪಾಲಯ್ಯ ಕೂತಿದ್ದರಿಂದ ಅಮ್ಮಾ ಎನ್ನುವಂತಿರಲಿಲ್ಲ. ಕೊನೆಗೆ ಬಣ್ಣ ಚಕ್ಕೆಯ ಮೇಲೆ ಎಲ್ಲಿ ಸವರಿದ್ದು ಎಂದು ಹುಡುಕುವಂತೆ ಹೊಂದಿಕೊಂಡಿತು. ದೊಡ್ಡಪಾಲಯ್ಯ ಡಬ್ಬಿ ಹೊರಿಸಿಕೊಂಡು ಹೋದರು. ಗಾದ್ರಪ್ಪ ಕಟ್ಟೆಗೆ ಬಂದು, ನೋಡಿದಿರಾ ನನ್ನ ಕೈಗುಣ ಎಂದು ನಾಲ್ಕು ಜನಕ್ಕೆ ಹೇಳಿಕೊಂಡ. ಅವನ ಬೆರಳ ತುದಿಯಿಂದ ನೀರಿನಂಥದ್ದು ಒಸರುತ್ತಿತ್ತು.

ಈಗಲಾದರೂ ಹೇಳು ಎಂದಿತು ಅವಳ ಮನಸ್ಸು. ಅವಳು ಹೇಳಲಿಲ್ಲ.

ಬೆಂಗಳೂರಿನ ಬಸ್ಸು ಚಳ್ಳಕೆರೆಯಲ್ಲಿ ನಿಂತಾಗ ದಿವ್ಯಾ ನಿಲ್ದಾಣಕ್ಕೆ ಬಂದು ಕಿಟಕಿಯಿಂದಲೇ ತಾಯಿಯ ಕೈ ಹಿಡಿದು ಬೆರಳು ನೋಡಿದಳು. ಒಂಬತ್ತರಲ್ಲಿ ಗೆರೆ ಚೆನ್ನಾಗಿದ್ದವು. ಬಲ ಹೆಬ್ಬೆರಳಿನಲ್ಲಿ ಇತ್ತೋ ಇಲ್ಲವೋ ಎನ್ನುವಷ್ಟು. ಗಾದ್ರಪ್ಪ ಎರಡು ಕೈಯನ್ನೂ ಜೇಬಿನಲ್ಲಿಟ್ಟುಕೊಂಡು ಪಕ್ಕದ ಸೀಟಿನವನಿಗೆ ಪ್ಯಾರಿಸಿನ ಹವಾಮಾನ ವಿವರಿಸುತ್ತಿದ್ದ. ಎದೆಯ ಜೇಬಿನಲ್ಲಿ ಸಹಿಯಿಲ್ಲದ ಕಾಗದ ಮಡಚಿಟ್ಟಿದ್ದ, ಮಹಾಂತೇಶ ಆಗಲೇ ಬೆಂಗಳೂರಿನಲ್ಲಿ ಲಾಡ್ಜ್ ಹಿಡಿದು ಕಾಯುತ್ತಿದ್ದ. ಬೊಮ್ಮಕ್ಕ ಇಡೀ ದಾರಿ ಏನನ್ನೂ ಮುಟ್ಟಲಿಲ್ಲ, ಮುಂದಿನ ಸೀಟಿನ ಕಂಬಿಯನ್ನು ಕೂಡ.

ವೀಸಾ ಕೇಂದ್ರದಲ್ಲಿ ಮರುದಿನ ಹನ್ನೊಂದಕ್ಕೆ ಅವರ ಸರದಿ. ಮೊದಲು ಗಾದ್ರಪ್ಪನ ಹೆಸರು ಕರೆದರು. ಹೇಗೆ ಒತ್ತಬೇಕು ನೋಡಿಕೋ ಎಂದು ಅವಳಿಗೆ ಹೇಳಿ ಗತ್ತಿನಲ್ಲಿ ಕೂತ. ಗಾಜಿನ ಮೇಲೆ ನಾಲ್ಕು ಬೆರಳಿಟ್ಟ. ಕೆಂಪು ದೀಪ. ಕೈ ಒರೆಸಿ ಮತ್ತೆ ಇಟ್ಟ. ಕೆಂಪು. ಆ ಕಡೆ ಕೂತಿದ್ದ ಹುಡುಗಿ ಕೈ ತಿರುಗಿಸಿ ತೋರಿಸಿ ಎಂದಳು. ತೋರಿಸಿದ. ಅವಳು ಕುರ್ಚಿಯಲ್ಲಿ ಹಿಂದೆ ಸರಿದಳು.

ಇದು ಗಾಯ, ಗಾಯ ಮಾಗಿದ ಮೇಲೆಯೇ ಬರಬೇಕು ಎಂದು ಅವಳು ನಯವಾಗಿ ಹೇಳಿದಳು. ಯಾವಾಗ ಎಂದರೆ ಬೇರೆ ದಿನ ಗೊತ್ತುಮಾಡಿಕೊಂಡು. ಖಾಲಿ ದಿನ ಇದ್ದದ್ದು ಜೂನ್ ತಿಂಗಳಲ್ಲಿ. ಗಾದ್ರಪ್ಪ ಬಾಯಿಂದ ಬದುಕಿದವನು, ಅವತ್ತು ಅವನ ಬಾಯಿ ಕೆಲಸಕ್ಕೆ ಬರಲಿಲ್ಲ. ಹಿಂದೆ ಬರಬೇಕಾದವರು ಕಾಯುತ್ತಿದ್ದರು. ಅವನು ಎದ್ದು ಬಂದು ಹೆಂಡತಿಯ ಮುಂದೆ ನಿಂತ.

"ನಡಿ ಹೋಗಾನ," ಎಂದ. "ಇಬ್ರೂ ಬ್ಯಾಡ. ಹೋಗ್ಲಿ ಬಿಡು."

ಬೊಮ್ಮಕ್ಕನ ಹೆಸರು ಕರೆದರು. ಅವಳು ಫೈಲನ್ನು ಎದೆಗೆ ಒತ್ತಿಕೊಂಡು ನಿಂತಳು. ಗಂಡನಿಲ್ಲದೆ ಅವಳು ಚಿತ್ರದುರ್ಗಕ್ಕೂ ಹೋದವಳಲ್ಲ. ತಾನು ಮುಚ್ಚಿಟ್ಟದ್ದರ ಪಾಪ ಕಣ್ಣ ಮುಂದೆಯೇ ನಿಂತಿತ್ತು, ಜೇಬಿನಲ್ಲಿ ಕೈ ಇಟ್ಟುಕೊಂಡು.

"ನಾನು ಹೋಗ್ತೀನ್ರಿ," ಎಂದಳು.

"ಅಂಗಡಿ?"

"ಮೂರು ವಾರ ನೋಡ್ಕಂಡ್ರಲ್ಲ. ಇನ್ನೈದು ದಿನ ನೋಡ್ಕಳಿ."

ಅವಳು ಹೋಗಿ ಕೂತಳು. ಎಡಗೈಯ ನಾಲ್ಕು ಬೆರಳು ಮೊದಲ ಸಲಕ್ಕೇ ಮೂಡಿದವು. ಬಲಗೈಯವು ಎರಡನೆಯ ಸಲಕ್ಕೆ. ಹೆಬ್ಬೆರಳು ಎರಡನ್ನೂ ಜೊತೆಯಾಗಿ ಇಡಬೇಕಿತ್ತು. ಕೆಂಪು ಬಂತು, ಮತ್ತೆ ಕೆಂಪು ಬಂತು. ಹುಡುಗಿ ಒಂದು ಒದ್ದೆ ಕಾಗದ ಕೊಟ್ಟು, ಒರೆಸಿಕೊಂಡು ಸ್ವಲ್ಪ ಗಟ್ಟಿಯಾಗಿ ಒತ್ತಿ ಎಂದಳು. ಬೊಮ್ಮಕ್ಕ ಕಣ್ಣು ಮೇಲಕ್ಕೆತ್ತದೆ ಒತ್ತಿದಳು. ಆಯ್ತಮ್ಮ, ಏಳಿ ಎಂದು ಹುಡುಗಿ ಎರಡು ಸಲ ಹೇಳಬೇಕಾಯಿತು. ಪರದೆಯ ಮೇಲೆ ಹತ್ತು ಬೆರಳೂ ಇದ್ದವು, ಉತ್ತ ಹೊಲದ ಸಾಲುಗಳಂತೆ.

ವೀಸಾ ಹದಿನಾರನೆಯ ದಿನಕ್ಕೆ ಬಂತು, ಮೇ ತಿಂಗಳಲ್ಲಿ ಕಂಪನಿಯ ಗುಂಪಿನ ಜೊತೆ ಅವಳು ಹೋಗಿಯೂ ಬಂದಳು. ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಇಬ್ಬರೂ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಊರಿನ ಬಸ್ಸಿಗೆ ಕಾಯುತ್ತ ಕೂತಿದ್ದರು. ಮಹಾಂತೇಶನಿಂದ ಮೂರು ಸಲ ಫೋನ್ ಬಂದಿತ್ತು, ಗಾದ್ರಪ್ಪ ಎತ್ತಿರಲಿಲ್ಲ. ಎತ್ತಬೇಕೆಂದರೂ ಬೆರಳು ಮುಟ್ಟಿದರೆ ಫೋನ್ ಕೇಳುತ್ತಿರಲಿಲ್ಲ.

"ಹಿಂಗಾಗ್ತೈತೆ ಅಂತ ನಿನಗೆ ಗೊತ್ತಿತ್ತಾ?" ಎಂದು ಕೇಳಿದ.

"ಗೊತ್ತಿತ್ತು. ಕೈಗವಸು ಹಾಕ್ಕಳ್ರಿ ಅಂತ ಒಂದ್ಸಲ ಹೇಳಿದೆ. ಎರಡನೇ ಸಲ ಹೇಳ್ಲಿಲ್ಲ."

ಅವನು ಬೈಯುತ್ತಾನೆ ಎಂದು ಅವಳು ಕಾದಳು. ಬೈದರೆ ಬೈಸಿಕೊಳ್ಳಲು ತಯಾರಿದ್ದಳು. ಅವನು ಬಲಗೈ ಹೊರಗೆ ತೆಗೆದು, ಬೆರಳ ತುದಿಗಳನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಬಾಯಿಂದ ಊದಿಕೊಂಡ. ಬಹಳ ಹೊತ್ತು ಊದಿಕೊಂಡ.

"ಹನ್ನೊಂದು ವರ್ಷ ನಿನಗೂ ಹಿಂಗೇ ಉರೀತಿತ್ತಾ?"

"ಹೂಂ."

"ಒಂದಿನಾನೂ ಹೇಳ್ಲಿಲ್ಲವಲ್ಲೇ."

"ಹೇಳಿದ್ದೆ," ಎಂದಳು ಬೊಮ್ಮಕ್ಕ. "ನೀವು ಯಾರ ಹತ್ರಾನೋ ಮಾತಾಡ್ತಿದ್ರಿ."

ಬಸ್ಸು ಬಂದಾಗ ಚೀಲ ಎತ್ತಲು ಹೋದ ಗಾದ್ರಪ್ಪ ಉರಿ ತಾಳದೆ ಕೈ ಹಿಂದಕ್ಕೆ ತೆಗೆದುಕೊಂಡ. ಬೊಮ್ಮಕ್ಕ ಎರಡೂ ಚೀಲಗಳನ್ನು ಎತ್ತಿಕೊಂಡು ಮುಂದೆ ಹತ್ತಿದಳು.